ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಸಾರ್ವಜನಿಕ ಗ್ರಂಥಾಲಯ ಸೇವೆ: ಹೆಗ್ಗೋಡು ಪರಿಸರದ ನಾಗರಿಕರಿಗೆ ಮಾಹಿತಿ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ನಿವಾಸಿಗಳಿಗೆ ಸಾರ್ವಜನಿಕ ಗ್ರಂಥಾಲಯ ಸೇವೆಯು ಎರಡು ಕಡೆಗಳಿಂದ ದೊರೆಯುತ್ತದೆ. ಪಟ್ಟಣಗಳಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಗ್ರಂಥಾಲಯಗಳು ಕಾರ್ಯನಿರ್ವಹಿಸುತ್ತವೆ. ಗ್ರಾಮಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರವರೆಗೆ ಇವೆರಡೂ ಒಂದೇ ಇಲಾಖೆಯ ಅಧೀನದಲ್ಲಿದ್ದವು. ಆ ವರ್ಷ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಆಡಳಿತವನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಈಗ ಅವು ಅರಿವು ಕೇಂದ್ರ ಎಂಬ ಹೆಸರಿನಿಂದಲೂ ಪರಿಚಿತವಾಗಿವೆ.

ಈ ಬದಲಾವಣೆಯು ನಾಗರಿಕರ ದೃಷ್ಟಿಯಿಂದ ಕೇವಲ ನಾಮಫಲಕದ ಬದಲಾವಣೆಯಲ್ಲ. ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕು, ದೂರನ್ನು ಯಾರಿಗೆ ಹೇಳಬೇಕು, ಹೊಸ ಪುಸ್ತಕ ಬೇಕೆಂದು ಯಾರನ್ನು ಕೇಳಬೇಕು ಎಂಬುದೆಲ್ಲ ಅದರಿಂದ ಬದಲಾಗಿದೆ. ಗ್ರಾಮದ ಗ್ರಂಥಾಲಯಕ್ಕೆ ಸಂಬಂಧಿಸಿದ ಮನವಿಯನ್ನು ಹಳೆಯ ರೂಢಿಯಂತೆ ಶಿವಮೊಗ್ಗದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕಳುಹಿಸಿದಲ್ಲಿ, ಅದು ಮತ್ತೊಂದು ಇಲಾಖೆಗೆ ವರ್ಗವಾಗಿ ಬರಬೇಕಾಗುವುದರಿಂದ ಅನಗತ್ಯ ವಿಳಂಬವಾಗುತ್ತದೆ. ಆದ್ದರಿಂದ ಈ ಪುಟದಲ್ಲಿ ಸೇವೆಗಳ ವಿವರದೊಂದಿಗೆ ಸಂಪರ್ಕಿಸಬೇಕಾದ ಸ್ಥಳಗಳನ್ನೂ ತಿಳಿಸಲಾಗಿದೆ.

ಕಾನೂನಿನ ಆಧಾರ ಮತ್ತು ಗ್ರಂಥಾಲಯ ಕರ

ರಾಜ್ಯದ ಗ್ರಂಥಾಲಯ ವ್ಯವಸ್ಥೆಗೆ ಮೂಲಾಧಾರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ, 1965. ಇದು 1966ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದೇ ವರ್ಷದ ನವೆಂಬರ್ 1ರಂದು ಪ್ರತ್ಯೇಕ ಇಲಾಖೆ ಅಸ್ತಿತ್ವಕ್ಕೆ ಬಂದಿತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ, 1915ರಲ್ಲಿ ಆರಂಭವಾದ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯವು ರಾಜ್ಯ ಕೇಂದ್ರ ಗ್ರಂಥಾಲಯವಾಯಿತು. ಅದಕ್ಕೂ ಮೊದಲು, 1948ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿ ಇಂತಹ ಕಾನೂನು ರೂಪುಗೊಂಡಿತ್ತು. ನೆರೆಯ ಕೇರಳದಲ್ಲಿ ಕ್ರಮ ಬೇರೆ: ಅಲ್ಲಿ ಊರಿನವರ ಸಂಘಗಳೇ ಗ್ರಂಥಾಲಯಗಳನ್ನು ಕಟ್ಟಿ ನಡೆಸಿದವು, ಸರ್ಕಾರ ಅವುಗಳಿಗೆ ಅನುದಾನ ನೀಡಿತು. ಕರ್ನಾಟಕವು ಸರ್ಕಾರಿ ಇಲಾಖೆಯ ಮಾರ್ಗವನ್ನು ಆರಿಸಿಕೊಂಡಿತು. ಸುಮಾರು ಅರ್ಧ ಶತಮಾನದ ಬಳಿಕ ಗ್ರಾಮದ ಗ್ರಂಥಾಲಯಗಳು ಪಂಚಾಯಿತಿಗೆ ಬಂದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ಅಧಿನಿಯಮದ ಒಂದು ಅಂಶ ಬಹಳ ಜನರ ಗಮನಕ್ಕೆ ಬಂದಿಲ್ಲ. ಸ್ಥಳೀಯ ಸಂಸ್ಥೆಗಳು ವಿಧಿಸುವ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆಯಂತೆ ಗ್ರಂಥಾಲಯ ಕರವನ್ನು ಸೇರಿಸಿ ವಸೂಲು ಮಾಡಲಾಗುತ್ತದೆ. ಮನೆಯ ತೆರಿಗೆ ವರ್ಷಕ್ಕೆ 1,000 ರೂಪಾಯಿ ಇದ್ದಲ್ಲಿ ಗ್ರಂಥಾಲಯ ಕರ 60 ರೂಪಾಯಿ. ತೆರಿಗೆ ರಸೀದಿಯಲ್ಲಿ ಆರೋಗ್ಯ ಕರ, ಶಿಕ್ಷಣ ಕರಗಳ ಸಾಲಿನಲ್ಲಿ ಇದನ್ನೂ ನಮೂದಿಸಿರುತ್ತಾರೆ. ಗ್ರಂಥಾಲಯದ ಮೆಟ್ಟಿಲು ಹತ್ತುವ ನಾಗರಿಕರು ಉಪಕಾರ ಬೇಡಲು ಬಂದವರಲ್ಲ, ಸೇವೆಯ ವೆಚ್ಚವನ್ನು ಮುಂಗಡವಾಗಿ ತೆತ್ತವರು. ಇನ್ನು ಸ್ವಂತ ಮನೆಯಿಲ್ಲದವರು, ತೋಟದ ಬಿಡಾರಗಳಲ್ಲಿ ವಾಸಿಸುವ ಕೂಲಿ ಕುಟುಂಬದವರು ತೆರಿಗೆ ಕಟ್ಟುವುದಿಲ್ಲವೆಂಬ ಕಾರಣಕ್ಕೆ ಅವರ ಹಕ್ಕು ಕಡಿಮೆಯಾಗುವುದಿಲ್ಲ. ಸಾರ್ವಜನಿಕ ಗ್ರಂಥಾಲಯ ಎಂಬ ಪದದಲ್ಲಿ ಅವರೂ ಸೇರಿದ್ದಾರೆ.

ಅರ್ಜಿಯಿಲ್ಲದೆ ದೊರೆಯುವ ಸೇವೆ

ಗ್ರಂಥಾಲಯದ ಒಳಗೆ ಕುಳಿತು ದಿನಪತ್ರಿಕೆ, ನಿಯತಕಾಲಿಕೆ ಹಾಗೂ ಪುಸ್ತಕಗಳನ್ನು ಓದಲು ಯಾವುದೇ ಅರ್ಜಿ, ಶುಲ್ಕ ಅಥವಾ ಸದಸ್ಯತ್ವ ಅಗತ್ಯವಿಲ್ಲ. ಬಾಗಿಲಿನ ಬಳಿ ಇರುವ ಹಾಜರಿ ವಹಿಯಲ್ಲಿ ಹೆಸರು ಬರೆದು ಸಹಿ ಮಾಡಿದರೆ ಸಾಕು. ಈ ಸಹಿಯನ್ನು ಅನೇಕರು ಔಪಚಾರಿಕವೆಂದು ತಿಳಿದು ಬಿಟ್ಟುಬಿಡುತ್ತಾರೆ. ಗ್ರಂಥಾಲಯವು ಎಷ್ಟು ಜನರಿಗೆ ಉಪಯೋಗವಾಗುತ್ತಿದೆ ಎಂಬುದಕ್ಕೆ ಕಚೇರಿಯ ಕಡತದಲ್ಲಿ ಉಳಿಯುವ ಸಾಕ್ಷ್ಯ ಆ ವಹಿಯೇ ಆಗಿರುವುದರಿಂದ, ಬಂದವರೆಲ್ಲರೂ ತಪ್ಪದೆ ಸಹಿ ಮಾಡುವುದು ಗ್ರಂಥಾಲಯಕ್ಕೂ ಓದುಗರಿಗೂ ಹಿತಕರ.

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧತೆ ನಡೆಸುವ ಯುವಜನರು ತಮ್ಮದೇ ಪುಸ್ತಕಗಳನ್ನು ತಂದು ಓದಲು ಅವಕಾಶವಿದೆಯೇ ಎಂಬುದನ್ನು ಆಯಾ ಗ್ರಂಥಾಲಯದಲ್ಲಿ ವಿಚಾರಿಸಿಕೊಳ್ಳಬೇಕು. ಸ್ಥಳದ ಅಭಾವವಿರುವ ಕಡೆ ಇದಕ್ಕೆ ನಿರ್ಬಂಧವಿರಬಹುದು.

ಇಲಾಖೆಯ ಪಟ್ಟಣದ ಗ್ರಂಥಾಲಯಗಳಿಗೆ ವಾರದ ರಜೆ ಸೋಮವಾರ; ತಿಂಗಳ ಎರಡನೆಯ ಮಂಗಳವಾರವೂ ರಜೆ ಇರುತ್ತದೆ. ಭಾನುವಾರ ಅವು ತೆರೆದಿರುತ್ತವೆ. ಇತರ ಕಚೇರಿಗಳ ರೂಢಿಯನ್ನು ನೆನೆದು ಭಾನುವಾರ ಬಿಟ್ಟು ಸೋಮವಾರ ಪಟ್ಟಣಕ್ಕೆ ಬರುವ ಗ್ರಾಮಸ್ಥರು ಮುಚ್ಚಿದ ಬಾಗಿಲನ್ನು ಕಂಡು ಹಿಂದಿರುಗಬೇಕಾಗುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸಮಯವನ್ನು ಆಯಾ ಗ್ರಂಥಾಲಯದ ಸೂಚನಾ ಫಲಕದಲ್ಲಿ ನೋಡತಕ್ಕದ್ದು. ಅಲ್ಲಿ ಸಾಮಾನ್ಯವಾಗಿ ಒಬ್ಬರೇ ಮೇಲ್ವಿಚಾರಕರಿರುವುದರಿಂದ ಅವರು ತರಬೇತಿಗೋ ರಜೆಗೋ ಹೋದ ದಿನ ಸೇವೆಯಲ್ಲಿ ವ್ಯತ್ಯಯವಾಗುವ ಸಂಭವವಿದೆ.

ಸದಸ್ಯತ್ವ ಮತ್ತು ಪುಸ್ತಕ ಎರವಲು

ಪುಸ್ತಕವನ್ನು ಮನೆಗೆ ಕೊಂಡೊಯ್ಯಲು ಸದಸ್ಯತ್ವ ಅಗತ್ಯ. ಅರ್ಜಿ ನಮೂನೆ ಗ್ರಂಥಾಲಯದಲ್ಲಿಯೇ ದೊರೆಯುತ್ತದೆ. ಭಾವಚಿತ್ರ ಹಾಗೂ ವಾಸಸ್ಥಳದ ದಾಖಲೆಯ ಪ್ರತಿಯನ್ನು ಲಗತ್ತಿಸಬೇಕು. ಇಲಾಖೆಯ ಗ್ರಂಥಾಲಯಗಳಲ್ಲಿ ನಿಗದಿತ ಠೇವಣಿಯನ್ನು ಪಾವತಿಸಬೇಕಾಗುತ್ತದೆ. ಈ ಮೊತ್ತ ಶುಲ್ಕವಲ್ಲ. ಸದಸ್ಯತ್ವವನ್ನು ರದ್ದುಪಡಿಸಿಕೊಂಡು, ಎರವಲು ಪುಸ್ತಕಗಳನ್ನು ಹಿಂದಿರುಗಿಸಿದ ನಂತರ ಮರಳಿ ಪಡೆಯಬಹುದು. ಆದ್ದರಿಂದ ಠೇವಣಿಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು. ಓದು ಮುಗಿಸಿ ಉದ್ಯೋಗಕ್ಕಾಗಿ ಬೆಂಗಳೂರಿಗೆ ತೆರಳುವ ವಿದ್ಯಾರ್ಥಿಗಳು ಈ ಮೊತ್ತವನ್ನು ಮರೆತು ಹೋಗಬಾರದು.

ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಸದಸ್ಯತ್ವ ಉಚಿತ. 2020ರ ನವೆಂಬರ್ ತಿಂಗಳಲ್ಲಿ, ಶಾಲೆಗಳು ಕೋವಿಡ್ ಕಾರಣದಿಂದ ಮುಚ್ಚಿದ್ದ ಕಾಲದಲ್ಲಿ, ‘ಓದುವ ಬೆಳಕು’ ಎಂಬ ಕಾರ್ಯಕ್ರಮವನ್ನು ಆರಂಭಿಸಿ 6ರಿಂದ 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ನೋಂದಾಯಿಸಲಾಯಿತು. ಪೋಷಕರು ಮಗುವಿನೊಂದಿಗೆ ಒಮ್ಮೆ ಗ್ರಂಥಾಲಯಕ್ಕೆ ಬಂದು ಹೆಸರು ನೋಂದಾಯಿಸಬಹುದು. ಮಕ್ಕಳ ಚೀಟಿಯ ಮೇಲೆ ತಾಯಂದಿರು ಕಾದಂಬರಿಗಳನ್ನು ತರಿಸಿಕೊಂಡು ಓದುವುದನ್ನು ಮಲೆನಾಡಿನ ಅನೇಕ ಮನೆಗಳಲ್ಲಿ ಕಾಣಬಹುದು. ಅದಕ್ಕೆ ಆಕ್ಷೇಪಣೆ ಮಾಡುವುದಕ್ಕಿಂತ, ಪತ್ರಿಕೆಯ ಮೇಜಿನ ಸುತ್ತ ಗಂಡಸರೇ ತುಂಬಿರುವ ಕೋಣೆಗೆ ಮಹಿಳೆಯರು ಬರಲು ಹಿಂಜರಿಯುವುದೇಕೆ ಎಂದು ಯೋಚಿಸುವುದು ಹೆಚ್ಚು ಪ್ರಯೋಜನಕಾರಿ. ಮಹಿಳೆಯರು ತಮ್ಮ ಹೆಸರಿನಲ್ಲಿಯೇ ಸದಸ್ಯತ್ವ ಪಡೆಯಬಹುದು, ಪಡೆಯಬೇಕು.

ಪುಸ್ತಕವನ್ನು ಹಿಂದಿರುಗಿಸಬೇಕಾದ ದಿನಾಂಕವನ್ನು ಅದರೊಳಗೆ ಅಂಟಿಸಿದ ಚೀಟಿಯಲ್ಲಿ ನಮೂದಿಸಲಾಗುತ್ತದೆ. ಮಲೆನಾಡಿನ ಓದುಗರು ಮಳೆಗಾಲದಲ್ಲಿ ವಿಶೇಷ ಎಚ್ಚರಿಕೆ ವಹಿಸಬೇಕು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ರಾಜ್ಯದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ಹೊಸನಗರ, ಸಾಗರಗಳ ಪಶ್ಚಿಮ ಭಾಗವೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಕೊಡೆಯಿದ್ದರೂ ಪುಸ್ತಕ ನೆನೆಯುತ್ತದೆ. ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ಯುವುದು, ಮಣ್ಣಿನ ಗೋಡೆಗೆ ತಾಗದಂತೆ ಇಡುವುದು, ಬೂಷ್ಟು ಹಿಡಿದಲ್ಲಿ ಮರೆಮಾಚದೆ ಮೇಲ್ವಿಚಾರಕರಿಗೆ ತಿಳಿಸುವುದು ಸೂಕ್ತ. ಒಂದು ಬೂಷ್ಟಿನ ಪುಸ್ತಕ ಕಪಾಟಿಗೆ ಮರಳಿದರೆ ನೆರೆಯ ಪುಸ್ತಕಗಳಿಗೂ ಅದು ಹರಡುತ್ತದೆ.

ಪುಸ್ತಕಗಳನ್ನು ದಾನವಾಗಿ ನೀಡಬಯಸುವವರೂ ಇದನ್ನು ಗಮನಿಸಬೇಕು. ಅಟ್ಟದ ಮೇಲೆ ವರ್ಷಗಟ್ಟಲೆ ಇದ್ದು ಗೆದ್ದಲು ಹಿಡಿದ ಹಳೆಯ ಪಠ್ಯಪುಸ್ತಕಗಳು ದಾನವೆನಿಸುವುದಿಲ್ಲ. ಮಕ್ಕಳ ಪುಸ್ತಕಗಳು, ನಿಘಂಟುಗಳು, ಕೃಷಿ ಮತ್ತು ಆರೋಗ್ಯ ವಿಷಯದ ಕನ್ನಡ ಪುಸ್ತಕಗಳು ಎಲ್ಲ ಕಡೆಯೂ ಉಪಯುಕ್ತ.

ಡಿಜಿಟಲ್ ಗ್ರಂಥಾಲಯ

2020ರಲ್ಲಿ ಆರಂಭವಾದ ರಾಜ್ಯದ ಸಾರ್ವಜನಿಕ ಡಿಜಿಟಲ್ ಗ್ರಂಥಾಲಯದಲ್ಲಿ ಮೊಬೈಲ್ ಮೂಲಕ ಉಚಿತವಾಗಿ ನೋಂದಾಯಿಸಿಕೊಂಡು ಇ-ಪುಸ್ತಕಗಳನ್ನು ಓದಬಹುದು. ಮೊಬೈಲ್ ಸಂಪರ್ಕ ದೊರೆಯದ ಹಳ್ಳಿಗಳು ಈ ಮೂರೂ ತಾಲ್ಲೂಕುಗಳಲ್ಲಿ ಇರುವುದರಿಂದ, ಕಂಪ್ಯೂಟರ್ ಮತ್ತು ಅಂತರ್ಜಾಲ ಸೌಲಭ್ಯವನ್ನು ಒದಗಿಸಲಾಗಿರುವ ಪಂಚಾಯಿತಿ ಗ್ರಂಥಾಲಯಗಳಲ್ಲಿ ಇದನ್ನು ಬಳಸುವುದು ಸುಲಭ.

ಹೆಗ್ಗೋಡಿನ ವಿಶೇಷ ಸಂದರ್ಭ

ಹೆಗ್ಗೋಡು ಸಾಗರ ಪಟ್ಟಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ, ಅಡಿಕೆ ತೋಟಗಳ ನಡುವೆ ಮನೆಗಳು ಚದುರಿರುವ ಗ್ರಾಮ. ಆದರೆ ಗ್ರಂಥಾಲಯ ಮತ್ತು ಸಮುದಾಯ ಕಾರ್ಯಕ್ರಮಗಳ ವಿಷಯ ಬಂದಾಗ ರಾಜ್ಯದಲ್ಲಿ ಹೆಚ್ಚಾಗಿ ಉದಾಹರಿಸಲ್ಪಡುವ ಊರುಗಳಲ್ಲಿ ಇದೂ ಒಂದು. 1949ರಲ್ಲಿ ಇಲ್ಲಿನ ಗ್ರಾಮಸ್ಥರು ನೀಲಕಂಠೇಶ್ವರ ನಾಟ್ಯ ಸಂಘವನ್ನು ಸ್ಥಾಪಿಸಿದರು, ಅದೇ ನೀನಾಸಮ್. ಕಾಕತಾಳೀಯವಾಗಿ, ಯುನೆಸ್ಕೋ ಸಂಸ್ಥೆಯು ಸಾರ್ವಜನಿಕ ಗ್ರಂಥಾಲಯಗಳ ಬಗ್ಗೆ ತನ್ನ ಮೊದಲ ಘೋಷಣಾ ಪತ್ರವನ್ನು ಪ್ರಕಟಿಸಿದ್ದೂ ಅದೇ ವರ್ಷ. ಗ್ರಂಥಾಲಯವು ಜನರು ತಾವಾಗಿಯೇ ಕಲಿಯುವ ಸ್ಥಳವಾಗಬೇಕೆಂಬುದು ಆ ಪತ್ರದ ಆಶಯ. ಹೆಗ್ಗೋಡಿನವರು ಅದನ್ನು ಓದಿರಲಿಕ್ಕಿಲ್ಲ. ತಮ್ಮ ದಾರಿಯಲ್ಲಿ ಅಂತಹುದೇ ಕೆಲಸಕ್ಕೆ ತೊಡಗಿದ್ದರು.

ಸಂಘವನ್ನು ಬೆಳೆಸಿದವರಲ್ಲಿ ಪ್ರಮುಖರಾದ ಕೆ.ವಿ. ಸುಬ್ಬಣ್ಣ (1932-2005) ಅವರು 1950ರ ದಶಕದಲ್ಲಿ ಅಕ್ಷರ ಪ್ರಕಾಶನವನ್ನು ಆರಂಭಿಸಿದರು. ಹಳ್ಳಿಯೊಂದರಿಂದ ಹೊರಟ ಈ ಪ್ರಕಾಶನದ ಪುಸ್ತಕಗಳು ರಾಜ್ಯದ ಗ್ರಂಥಾಲಯಗಳ ಕಪಾಟುಗಳನ್ನು ಸೇರಿದವು. 1973ರಲ್ಲಿ ಚಿತ್ರ ಸಮಾಜ ಆರಂಭವಾಗಿ, ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ತೋಟದ ಕೆಲಸ ಮುಗಿಸಿ ಬಂದ ಜನ ನೋಡಿ ಚರ್ಚಿಸುವಂತಾಯಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಿರುಗಾಟ ಪ್ರಾರಂಭವಾದವು. 1991ರಲ್ಲಿ ಸುಬ್ಬಣ್ಣ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ನಾಟಕಗಳು ನಡೆಯುವ ಶಿವರಾಮ ಕಾರಂತ ರಂಗಮಂದಿರ ಮತ್ತು ವಾರ್ಷಿಕ ಸಂಸ್ಕೃತಿ ಶಿಬಿರ ಹೊರಗಿನವರಿಗೂ ಪರಿಚಿತ.

ಇಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ನೀನಾಸಮ್ ಸರ್ಕಾರದ ಸಂಸ್ಥೆಯಲ್ಲ; ಅಲ್ಲಿನ ಪುಸ್ತಕ ಸಂಗ್ರಹ ಅದರ ಶಿಕ್ಷಣ ಕಾರ್ಯಕ್ಕೆ ಸೇರಿದ್ದು. ಇಲಾಖೆಯ ಅಥವಾ ಪಂಚಾಯಿತಿಯ ಸದಸ್ಯತ್ವ ಚೀಟಿ ಅಲ್ಲಿ ಅನ್ವಯಿಸುವುದಿಲ್ಲ. ಅಲ್ಲಿನ ಶಿಬಿರ, ಪ್ರದರ್ಶನಗಳ ಮಾಹಿತಿಗೆ ಸಂಸ್ಥೆಯನ್ನೇ ಸಂಪರ್ಕಿಸಬೇಕು. ಊರಿನ ಹೆಸರು ಪ್ರಸಿದ್ಧವಾದುದರಿಂದ, ಹೆಗ್ಗೋಡಿನಲ್ಲಿ ಎಲ್ಲವೂ ಇದೆ, ಇನ್ನೇನೂ ಬೇಕಿಲ್ಲ ಎಂಬ ಭಾವನೆ ಉಂಟಾಗುವುದು ಸಹಜ. ಆದರೆ ನಾಟಕ ನೋಡಲು ವರ್ಷಕ್ಕೆ ಕೆಲವು ಸಂಜೆಗಳು ಬರುವ ಮಗುವಿಗೆ, ಉಳಿದ ದಿನಗಳಲ್ಲಿ ಶಾಲೆಯಿಂದ ಮನೆಗೆ ನಡೆಯುವ ದಾರಿಯಲ್ಲಿ, ಹಣವಿಲ್ಲದೆ ಪುಸ್ತಕ ಕೊಡುವ ಜಾಗ ಪಂಚಾಯಿತಿಯ ಗ್ರಂಥಾಲಯವೇ. ಒಂದರ ಕೀರ್ತಿ ಇನ್ನೊಂದರ ಕೊರತೆಯನ್ನು ತುಂಬಲಾರದು.

ಆದಾಗ್ಯೂ ಹೆಗ್ಗೋಡಿನ ಅನುಭವದಿಂದ ಗ್ರಂಥಾಲಯಗಳು ಪಡೆಯಬಹುದಾದದ್ದು ಇದೆ. ನಾಟಕವಾಗಲಿ ಚಿತ್ರವಾಗಲಿ, ನೋಡಿದ ಬಳಿಕ ಕುಳಿತು ಮಾತನಾಡುವ ಕ್ರಮವನ್ನು ಅಲ್ಲಿ ಬೆಳೆಸಲಾಯಿತು. ಪುಸ್ತಕಕ್ಕೂ ಇದು ಸಲ್ಲುತ್ತದೆ. ಓದಿದ ಮಗು ಹತ್ತು ಮಕ್ಕಳೆದುರು ಆ ಕಥೆಯನ್ನು ಹೇಳಿದರೆ, ಆ ಪುಸ್ತಕ ಮರುದಿನ ಕಪಾಟಿನಲ್ಲಿ ಉಳಿಯುವುದಿಲ್ಲ.

ಸಮುದಾಯ ಕಾರ್ಯಕ್ರಮಗಳು

ಗ್ರಂಥಾಲಯಗಳಲ್ಲಿ ಪ್ರತಿ ವರ್ಷ ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವನ್ನು ಆಚರಿಸಲಾಗುತ್ತದೆ. ಪುಸ್ತಕ ಪ್ರದರ್ಶನ, ಪ್ರಬಂಧ ಸ್ಪರ್ಧೆ, ಉಪನ್ಯಾಸಗಳಿರುತ್ತವೆ. ಭಾರತೀಯ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ (1892-1972) ಅವರ ಸ್ಮರಣೆಗಾಗಿ ಆಗಸ್ಟ್ 12ರಂದು ಗ್ರಂಥಪಾಲಕರ ದಿನವನ್ನು ಆಚರಿಸುತ್ತಾರೆ. ಪಂಚಾಯಿತಿ ಗ್ರಂಥಾಲಯಗಳಲ್ಲಿ ಗಟ್ಟಿ ಓದು, ಕಥೆ ಹೇಳುವುದು, ಬೇಸಿಗೆ ಶಿಬಿರ ಮುಂತಾದವುಗಳನ್ನು ಮಕ್ಕಳಿಗಾಗಿ ಏರ್ಪಡಿಸಲಾಗುತ್ತದೆ. ಕಥೆ, ಹಾಡು, ಯಕ್ಷಗಾನದ ಪ್ರಸಂಗಗಳನ್ನು ಬಲ್ಲ ಊರಿನ ಹಿರಿಯರು ಸ್ವಇಚ್ಛೆಯಿಂದ ಪಾಲ್ಗೊಳ್ಳಬಹುದು. ಮೇಲ್ವಿಚಾರಕರಿಗೆ ಮುಂಚಿತವಾಗಿ ತಿಳಿಸಿದರೆ ಸಾಕು.

ಕಾರ್ಯಕ್ರಮಗಳ ವೇಳೆಯನ್ನು ನಿಗದಿಪಡಿಸುವಾಗ ಊರಿನ ಕೆಲಸದ ಋತುವನ್ನು ಗಮನಿಸಬೇಕಾಗುತ್ತದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸಂಜೆಯಿಂದ ರಾತ್ರಿಯವರೆಗೆ ಮನೆಯ ಅಂಗಳಗಳಲ್ಲಿ ಸುಲಿಯುವ ಕೆಲಸ ನಡೆದಿರುತ್ತದೆ. ನವೆಂಬರ್ ಸಪ್ತಾಹ ಬರುವುದು ಅದೇ ಕಾಲಕ್ಕೆ. ಆ ವಾರದ ಸಭೆಗೆ ಜನ ಬರಲಿಲ್ಲವೆಂದರೆ ಊರಿನವರಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ತೀರ್ಮಾನಿಸುವುದು ಸರಿಯಾಗಲಾರದು.

ಶರಾವತಿ ಹಿನ್ನೀರಿನ ಆಚೆಯ ಓದುಗರು

ಲಿಂಗನಮಕ್ಕಿ ಜಲಾಶಯದ ಹಿನ್ನೀರಿನಿಂದಾಗಿ ಸಾಗರ ತಾಲ್ಲೂಕಿನ ತುಮರಿ ಭಾಗದ ಗ್ರಾಮಗಳು ದಶಕಗಳ ಕಾಲ ತಾಲ್ಲೂಕು ಕೇಂದ್ರಕ್ಕೆ ಲಾಂಚ್ ಮೂಲಕವೇ ಬರಬೇಕಾಗಿತ್ತು. ಲಾಂಚ್ ಸಂಜೆಯ ನಂತರ ಇರುತ್ತಿರಲಿಲ್ಲ. ಪಟ್ಟಣದ ಗ್ರಂಥಾಲಯದಲ್ಲಿ ಕುಳಿತ ವಿದ್ಯಾರ್ಥಿ ಪುಸ್ತಕದ ಪುಟಕ್ಕಿಂತ ಗಡಿಯಾರವನ್ನು ಹೆಚ್ಚಾಗಿ ನೋಡಬೇಕಾಗಿದ್ದ ಕಾಲ ಅದು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಲೋಕಾರ್ಪಣೆಗೊಂಡ ನಂತರ ಈ ತೊಂದರೆ ನೀಗಿದೆ. ಆದರೂ ಸಾಗರಕ್ಕೆ ಹೋಗಿಬರುವ ದೂರ ಕಡಿಮೆಯೇನಲ್ಲ. ದಿನನಿತ್ಯದ ಓದಿಗೆ ಈ ಭಾಗದವರು ತಮ್ಮ ಪಂಚಾಯಿತಿಯ ಗ್ರಂಥಾಲಯವನ್ನೇ ಅವಲಂಬಿಸುವುದು ಅನಿವಾರ್ಯ.

ಸಂಶೋಧಕರಿಗೆ

ಸ್ಥಳೀಯ ಇತಿಹಾಸದ ಬಗ್ಗೆ ಅಭ್ಯಾಸ ಮಾಡುವವರಿಗೆ ಸಾರ್ವಜನಿಕ ಗ್ರಂಥಾಲಯಗಳ ಸಂಗ್ರಹ ಸಾಲದಿರಬಹುದು. ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಿಗಳಾರಿ ಲಿಪಿಯ ತಾಳೆಗರಿಗಳೂ ಸೇರಿದಂತೆ ಹಸ್ತಪ್ರತಿಗಳಿವೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಸ್ಮಾರಕವಾಗಿ ಉಳಿಸಲಾಗಿದೆ. ಇವುಗಳಿಗೆ ಪ್ರತ್ಯೇಕ ಅನುಮತಿ ಮತ್ತು ನಿಯಮಗಳಿರುತ್ತವೆ.

ಬೇಡಿಕೆ ಮತ್ತು ದೂರು ಸಲ್ಲಿಸುವ ಕ್ರಮ

ಬೇಕಾದ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದಲ್ಲಿ ಸಲಹಾ ಪುಸ್ತಕದಲ್ಲಿ ಅದರ ಹೆಸರು, ಲೇಖಕರ ಹೆಸರನ್ನು ಬರೆದು ಸಹಿ ಮಾಡಬಹುದು. ಬಾಯಿಮಾತಿನಲ್ಲಿ ಹೇಳಿದ ಬೇಡಿಕೆ ಖರೀದಿಯ ಪಟ್ಟಿಯನ್ನು ತಲುಪುವುದು ಅಪರೂಪ. ‘ಒಳ್ಳೆಯ ಪುಸ್ತಕ ತರಿಸಿ’ ಎಂದು ಬರೆಯುವುದಕ್ಕಿಂತ ನಿರ್ದಿಷ್ಟವಾಗಿ ಹೆಸರಿಸುವುದು ಪರಿಣಾಮಕಾರಿ.

ಪಂಚಾಯಿತಿ ಗ್ರಂಥಾಲಯವು ನಿಗದಿತ ಸಮಯದಲ್ಲಿ ತೆರೆಯದಿರುವುದು, ಕಟ್ಟಡ ಸೋರುವುದು, ದೀಪವಿಲ್ಲದಿರುವುದು ಮುಂತಾದ ದೂರುಗಳನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರಿಗೆ ಲಿಖಿತವಾಗಿ ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಇದಕ್ಕಿಂತ ಬಲವಾದ ಸ್ಥಳ ಗ್ರಾಮಸಭೆ. ಅಲ್ಲಿ ಮಂಡಿಸಿದ ವಿಷಯ ನಡವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ರಸ್ತೆ, ನೀರು, ವಸತಿಗಳ ಚರ್ಚೆಯ ನಡುವೆ ಗ್ರಂಥಾಲಯದ ವಿಷಯವನ್ನು ಎತ್ತುವವರು ಕಡಿಮೆ. ಎತ್ತದಿದ್ದರೆ ಕ್ರಿಯಾಯೋಜನೆಯಲ್ಲಿ ಅದಕ್ಕೆ ಸ್ಥಳ ದೊರೆಯುವುದು ಕಷ್ಟ. ಮಕ್ಕಳು ತಮ್ಮ ಬೇಡಿಕೆಯನ್ನು ಮಕ್ಕಳ ಗ್ರಾಮಸಭೆಯಲ್ಲಿ ತಾವೇ ಹೇಳಬಹುದು. ಆಟದ ಮೈದಾನ, ಶೌಚಾಲಯಗಳ ಜೊತೆಗೆ ಕಥೆ ಪುಸ್ತಕಗಳನ್ನೂ ಕೇಳುವಂತೆ ಶಿಕ್ಷಕರು ಅವರಿಗೆ ತಿಳಿಹೇಳಬಹುದು.

ಪಟ್ಟಣದ ಗ್ರಂಥಾಲಯಗಳ ಕುರಿತ ಮನವಿ, ದೂರುಗಳನ್ನು ಮೊದಲು ಆಯಾ ಶಾಖೆಯ ಗ್ರಂಥಪಾಲಕರಿಗೆ, ನಂತರ ಶಿವಮೊಗ್ಗದ ಜಿಲ್ಲಾ ಕೇಂದ್ರ ಗ್ರಂಥಾಲಯದ ಮುಖ್ಯಸ್ಥರಿಗೆ ಸಲ್ಲಿಸಬೇಕು.

ಗ್ರಂಥಾಲಯ ಕರವಾಗಿ ವಸೂಲಾದ ಮೊತ್ತ, ಪುಸ್ತಕ ಖರೀದಿಗೆ ಮಾಡಿದ ವೆಚ್ಚ ಮುಂತಾದ ವಿವರಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು. ಬಡತನ ರೇಖೆಗಿಂತ ಕೆಳಗಿರುವ ಕುಟುಂಬದವರಿಗೆ ದಾಖಲೆಯನ್ನು ಲಗತ್ತಿಸಿದಲ್ಲಿ ಶುಲ್ಕವಿಲ್ಲ. ರಾಜ್ಯದ ನಿಯಮದಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳ ಮಿತಿಯಲ್ಲಿರಬೇಕು. 30 ದಿನಗಳೊಳಗೆ ಉತ್ತರ ನೀಡಬೇಕಾಗುತ್ತದೆ. ಅರ್ಜಿಯೊಂದಿಗೆ ಆ ವರ್ಷದ ಮನೆ ತೆರಿಗೆ ರಸೀದಿಯ ಪ್ರತಿಯನ್ನು ಇರಿಸುವುದು ಕಡ್ಡಾಯವಲ್ಲ. ಆದರೆ ರಸೀದಿಯನ್ನು ಮುಂದಿಟ್ಟುಕೊಂಡು ಅರ್ಜಿ ಬರೆದರೆ, ಯಾವ ಸಾಲಿನ ಯಾವ ಮೊತ್ತದ ಬಗ್ಗೆ ಕೇಳಬೇಕೆಂಬುದು ಸ್ಪಷ್ಟವಾಗುತ್ತದೆ.